ಬೆಂಗಳೂರಿನ ಬೇಸಗೆಯೂ ಮನೆಯ ಹೂದೋಟವೂ

ಬೆಂಗಳೂರು ಹೂವಿನ ಊರೆಂಬ ಮಾತು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿಗಳ ಎತ್ತರದಲ್ಲಿರುವ ಈ ನಗರದ ಹವೆ ಗುಲಾಬಿಗೂ ಒಗ್ಗುವುದು, ಮಲ್ಲಿಗೆಗೂ ಒಗ್ಗುವುದು. ಅಂಗೈಯಗಲದ ಜಾಗವಿದ್ದವರೂ ಇಲ್ಲಿ ಒಂದು ತುಳಸಿಯನ್ನೋ ಒಂದು ದಾಸವಾಳವನ್ನೋ ಬೆಳೆಸದೆ ಇರುವುದಿಲ್ಲ. ಆದರೆ ಫಾಲ್ಗುಣ ಕಳೆದು ಚೈತ್ರ ವೈಶಾಖಗಳು ಕಾಲಿಟ್ಟಾಗ ಈ ಊರಿನ ಬೀದಿಗಳಲ್ಲಿ ನಡೆದು ನೋಡಿದವರಿಗೆ ಒಂದು ವಿಚಿತ್ರವು ಕಾಣುವುದು. ಒಂದು ಮನೆಯ ಮುಂದೆ ಕುಂಡಗಳೆಲ್ಲ ಒಣಗಿ, ಮಣ್ಣು ಬಿರಿದು, ಕಡ್ಡಿಗಳು ಮಾತ್ರ ನಿಂತಿರುತ್ತವೆ. ಅದರ ಎದುರುಮನೆಯಲ್ಲಿ ಮಲ್ಲಿಗೆಯ ಬಳ್ಳಿ ಮೈತುಂಬ ಮೊಗ್ಗುಬಿಟ್ಟು ನಿಂತಿರುತ್ತದೆ. ಎರಡು ಮನೆಗಳ ಮೇಲೆ ಬೀಳುವ ಬಿಸಿಲು ಒಂದೇ; ಎರಡಕ್ಕೂ ಬರುವ ಕೊಳಾಯಿಯ ನೀರೂ ಒಂದೇ. ಹೀಗಿದ್ದೂ ಈ ಭೇದವೇಕೆ ಎಂಬುದನ್ನು ವಿಚಾರಮಾಡುವುದು ಗೃಹಸ್ಥರಿಗೂ ಗೃಹಿಣಿಯರಿಗೂ ಪ್ರಯೋಜನಕರವಾದೀತು.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ವರ್ಷಕ್ಕೆ ಎರಡು ಸಲ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಒಂದು ಜನವರಿಯಲ್ಲಿ, ಗಣರಾಜ್ಯೋತ್ಸವದ ಸಮಯಕ್ಕೆ. ಮತ್ತೊಂದು ಆಗಸ್ಟಿನಲ್ಲಿ, ಸ್ವಾತಂತ್ರ್ಯೋತ್ಸವದ ಸಮಯಕ್ಕೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಅಂತಹ ಪ್ರದರ್ಶನವಿಲ್ಲ. ಇದರಲ್ಲಿಯೇ ನಮಗೊಂದು ಪಾಠವಿದೆ. ಚಳಿಗಾಲದ ತೋಟವು ಮೆರೆಯುವ ತೋಟ. ಬೇಸಗೆಯ ತೋಟವು ಉಳಿಯುವ ತೋಟ. ಜನವರಿಯಲ್ಲಿ ಕಂಡ ಡೇಲಿಯಾ, ಸೇವಂತಿಗೆಗಳ ಬೆಡಗನ್ನು ಏಪ್ರಿಲಿನಲ್ಲಿಯೂ ಕಾಣಬೇಕೆಂದು ಹಟಹಿಡಿದವನು ನೀರನ್ನೂ ಶ್ರಮವನ್ನೂ ವ್ಯರ್ಥಮಾಡುತ್ತಾನೆ. ಬೇರನ್ನು ಉಳಿಸಿಕೊಂಡರೆ ಸಾಕು, ಹೂವು ತನ್ನ ಕಾಲಕ್ಕೆ ತಾನೇ ಬಂದೀತು ಎಂದು ತಿಳಿದವನ ತೋಟವು ಮಳೆಗಾಲದವರೆಗೆ ಬದುಕುತ್ತದೆ.

ಈ ಮಾತು ಈಚಿನ ವರ್ಷಗಳಲ್ಲಿ ಇನ್ನೂ ಮುಖ್ಯವಾಗಿದೆ. ತಂಪಾದ ಊರೆಂದು ಹೆಸರಾದ ಬೆಂಗಳೂರಿನಲ್ಲಿ ೨೦೧೬ರ ಏಪ್ರಿಲ್ ತಿಂಗಳಲ್ಲಿ ಉಷ್ಣತೆಯು ೩೯.೨ ಡಿಗ್ರಿ ಸೆಲ್ಸಿಯಸ್ಸಿಗೆ ಏರಿತು. ೨೦೨೩ರಲ್ಲಿ ಮುಂಗಾರು ಕೈಕೊಟ್ಟ ಕಾರಣ ೨೦೨೪ರ ಬೇಸಗೆಯಲ್ಲಿ ನಗರದ ಸುಮಾರು ೧೪,೦೦೦ ಸಾರ್ವಜನಿಕ ಕೊಳವೆಬಾವಿಗಳ ಪೈಕಿ ಸುಮಾರು ೬,೯೦೦ ಬತ್ತಿಹೋದುವೆಂದು ಸರ್ಕಾರವೇ ತಿಳಿಸಿತು. ನೀರಿನ ಟ್ಯಾಂಕರು ಬೀದಿಗೆ ಬಂದೊಡನೆ ಬಿಂದಿಗೆಗಳ ಸಾಲು ನೆರೆಯುತ್ತಿದ್ದ ಆ ದಿನಗಳಲ್ಲಿ, ಮಾರ್ಚ್ ತಿಂಗಳಲ್ಲಿ, ಜಲಮಂಡಳಿಯು ಒಂದು ಆಜ್ಞೆಯನ್ನು ಹೊರಡಿಸಿತು. ಕುಡಿಯುವ ನೀರನ್ನು ವಾಹನ ತೊಳೆಯುವುದಕ್ಕಾಗಲಿ, ಕಟ್ಟಡದ ಕೆಲಸಕ್ಕಾಗಲಿ, ಕಾರಂಜಿಗಾಗಲಿ, ಕೈತೋಟಕ್ಕಾಗಲಿ ಬಳಸಕೂಡದು. ಬಳಸಿದವರಿಗೆ ೫,೦೦೦ ರೂಪಾಯಿ ದಂಡ. ೨೦೨೫ರ ಫೆಬ್ರವರಿಯಲ್ಲಿಯೂ ಇಂತಹುದೇ ಆಜ್ಞೆಯು ಹೊರಟಿತು.

ಹೂವನ್ನು ಪ್ರೀತಿಸುವವರಿಗೆ ಈ ಆಜ್ಞೆಯು ಕಠಿನವೆಂದು ತೋರಿದರೆ ಆಶ್ಚರ್ಯವಿಲ್ಲ. ಮನೆಯ ಮುಂದಿನ ನಂದಿಬಟ್ಟಲಿಗೆ ಒಂದು ತಂಬಿಗೆ ನೀರೆರೆಯುವುದೂ ಅಪರಾಧವೆ ಎಂದು ಕೇಳಿದವರುಂಟು. ಆದರೆ ಲೆಕ್ಕಹಾಕಿ ನೋಡಬೇಕು. ನಗರದಲ್ಲಿ ವಾಸಿಸುವ ಒಬ್ಬನಿಗೆ ದಿನಕ್ಕೆ ೧೩೫ ಲೀಟರು ನೀರು ಬೇಕೆಂಬುದು ನಮ್ಮ ದೇಶದಲ್ಲಿ ಇಟ್ಟುಕೊಂಡಿರುವ ಅಳತೆ. ೩೦೦ ಚದರ ಅಡಿಯ ಒಂದು ಹುಲ್ಲುಹಾಸನ್ನು ಏಪ್ರಿಲ್ ಬಿಸಿಲಿನಲ್ಲಿ ಹಸುರಾಗಿ ಇಡಬೇಕಾದರೆ ದಿನಕ್ಕೆ ೫ ಮಿಲಿಮೀಟರಿನಷ್ಟು ನೀರಾದರೂ ಅದರ ಮೇಲೆ ಬೀಳಬೇಕು. ಅದು ಸುಮಾರು ೧೪೦ ಲೀಟರಾಗುತ್ತದೆ. ಎಂದರೆ ಆ ಹುಲ್ಲು ಒಬ್ಬ ಮನುಷ್ಯನ ಇಡೀ ದಿನದ ಪಾಲನ್ನು ಕುಡಿಯುತ್ತದೆ. ನೆರೆಯವರು ಬಿಂದಿಗೆ ಹಿಡಿದು ನಿಂತಿರುವಾಗ ಈ ಲೆಕ್ಕವನ್ನು ಮರೆಯುವುದು ಸರಿಯಲ್ಲ. ಆದರೆ ಅದೇ ಮನೆಯಲ್ಲಿ ಅಕ್ಕಿ ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲವೂ ಸೇರಿ ದಿನಕ್ಕೆ ಒಂದು ಕೊಡವಾದರೂ ಚರಂಡಿಗೆ ಹೋಗುತ್ತಿರುತ್ತದೆ. ಒಂದು ಹತ್ತು ಹದಿನೈದು ಕುಂಡಗಳ ತೋಟಕ್ಕೆ ಅಷ್ಟೇ ಸಾಕು. ಆದಕಾರಣ ಪ್ರಶ್ನೆ ಇರುವುದು ತೋಟ ಇರಬೇಕೋ ಬೇಡವೋ ಎಂಬುದರಲ್ಲಲ್ಲ. ಯಾವ ನೀರಿನಿಂದ, ಯಾವ ಗಿಡ ಎಂಬುದರಲ್ಲಿ.

ಈ ಊರಿನ ಹಿರಿಯರು ಈ ಪ್ರಶ್ನೆಗೆ ಹಿಂದೆಯೇ ಉತ್ತರ ಕಂಡುಕೊಂಡಿದ್ದರು. ಬೆಂಗಳೂರಿಗೆ ಸಮೀಪದಲ್ಲಿ ದೊಡ್ಡ ನದಿಯಿಲ್ಲ. ಊರು ಬೆಳೆದದ್ದು ಕೆರೆಗಳ ಆಶ್ರಯದಿಂದ, ಬಾವಿಗಳ ಆಶ್ರಯದಿಂದ. ೧೮೯೦ರ ದಶಕದಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳವೆಗಳಲ್ಲಿ ನೀರು ಬಂದಿತು. ೧೯೩೩ರಲ್ಲಿ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆಯನ್ನು ಕಟ್ಟಿದರು. ೧೯೭೪ರಲ್ಲಿ ಕಾವೇರಿಯ ನೀರು ಮೊದಲ ಬಾರಿಗೆ ನಗರಕ್ಕೆ ಬಂದಿತು. ಆ ಯೋಜನೆಯ ಐದನೆಯ ಹಂತವು ೨೦೨೪ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಈ ಕಾವೇರಿಯ ನೀರು ಸುಮಾರು ೧೦೦ ಕಿಲೋಮೀಟರು ದೂರದಿಂದ, ಸುಮಾರು ೫೦೦ ಮೀಟರು ಎತ್ತರಕ್ಕೆ ಯಂತ್ರಗಳ ಬಲದಿಂದ ಏರಿಬರಬೇಕು. ನಲ್ಲಿಯ ತಿರುಪನ್ನು ತಿರುಗಿಸುವಾಗ ಆ ನೀರು ಒಂದು ಬೆಟ್ಟವನ್ನೇ ಹತ್ತಿ ಬಂದಿದೆ ಎಂಬುದು ನಮಗೆ ನೆನಪಾಗುವುದಿಲ್ಲ. ಸೇದುವ ಬಾವಿಯ ಕಾಲದಲ್ಲಿ ಹಗ್ಗ ಎಳೆದ ಕೈಗೆ ಪ್ರತಿಯೊಂದು ಕೊಡದ ಭಾರವೂ ಗೊತ್ತಿರುತ್ತಿತ್ತು.

ಬಸವನಗುಡಿಯ ಹಳೆಯ ಬೀದಿಗಳಲ್ಲಿ ಬೆಳಗಿನ ಆರು ಗಂಟೆಗೆ ನಡೆದುಹೋದರೆ ಆ ಕಾಲದ ಗುರುತುಗಳು ಅಲ್ಲಲ್ಲಿ ಇಂದಿಗೂ ಸಿಕ್ಕುತ್ತವೆ. ೧೮೯೮ರ ಪ್ಲೇಗಿನ ತರುವಾಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಂದ ಜನರು ಬಸವನಗುಡಿಯಲ್ಲಿಯೂ ಮಲ್ಲೇಶ್ವರದಲ್ಲಿಯೂ ಗಾಳಿಬೆಳಕಿರುವ ಮನೆಗಳನ್ನು ಕಟ್ಟಿಕೊಂಡರು. ಮುಂದೆ ಸ್ವಲ್ಪ ಅಂಗಳ, ಹಿಂದೆ ಹಿತ್ತಲು, ಹಿತ್ತಲಲ್ಲಿ ಬಾವಿ. ಬಚ್ಚಲುಮನೆಯ ನೀರು ಹೊರಗೆ ಹರಿಯುವ ದಾರಿಯಲ್ಲಿ ಎರಡು ಬಾಳೆ, ಅದರಾಚೆ ಕೆಸುವು, ಇನ್ನೂ ಆಚೆ ದಾಸವಾಳದ ಬೇಲಿ. ಇದು ಯಾರೋ ಮನಸ್ಸಿಗೆ ತೋರಿದಂತೆ ನೆಟ್ಟದ್ದಲ್ಲ. ಮೊದಲ ನೀರು ಹೆಚ್ಚು ಕುಡಿಯುವ ಬಾಳೆಗೆ. ಅದು ಹೀರಿ ಉಳಿದದ್ದು ಮುಂದಿನ ಗಿಡಕ್ಕೆ. ಬಾವಿಯ ಕಟ್ಟೆಯ ಸುತ್ತ ಚೆಲ್ಲಿದ ನೀರು ಕನಕಾಂಬರಕ್ಕೆ. ಬಾವಿಯಿಂದ ನೇರವಾಗಿ ಸೇದಿದ ಶುದ್ಧವಾದ ನೀರು ತುಳಸಿಗೆ ಮಾತ್ರ, ಅದೂ ಒಂದು ತಂಬಿಗೆ. ಮನೆಯೊಳಗೆ ಒಮ್ಮೆ ಕೆಲಸಮಾಡಿದ ನೀರು ಹೊರಗೆ ಮತ್ತೊಮ್ಮೆ ಕೆಲಸಮಾಡಬೇಕೆಂಬುದೇ ಆ ಹಿತ್ತಲಿನ ನಿಯಮವಾಗಿತ್ತು.

ಇಂದು ಈ ನಿಯಮವನ್ನು ಅನುಸರಿಸುವವರು ಒಂದು ವಿಷಯವನ್ನು ಗಮನಿಸಬೇಕು. ಅಂದಿನ ಬಚ್ಚಲಿನಲ್ಲಿ ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟುಗಳಿದ್ದುವು. ಇಂದಿನ ಬಟ್ಟೆಪುಡಿಗಳಲ್ಲಿರುವ ಸೋಡಿಯಂ ಲವಣಗಳು ಮಣ್ಣಿನಲ್ಲಿ ಸೇರುತ್ತ ಹೋದರೆ ಮಣ್ಣು ಬಿಗಿದು, ನೀರು ಇಂಗದೆ, ಬೇರಿಗೆ ಗಾಳಿಯಾಡದಂತಾಗುತ್ತದೆ. ಆದುದರಿಂದ ಬಟ್ಟೆಯ ಮೊದಲ ನೊರೆನೀರನ್ನು ಗಿಡಕ್ಕೆ ಹಾಕಬಾರದು. ಕೊನೆಯ ಸಲ ಜಾಲಿಸಿದ ನೀರನ್ನು ನೆಲದಲ್ಲಿರುವ ದೊಡ್ಡ ಗಿಡಗಳಿಗೆ ಹಾಕಬಹುದು. ಉಪ್ಪು ಹಾಕದೆ ತರಕಾರಿ ಬೇಯಿಸಿದ ನೀರನ್ನು ಆರಿದ ಮೇಲೆ ಕುಂಡಗಳಿಗೆ ಎರೆಯಬಹುದು. ಉಪ್ಪು ಬಿದ್ದದ್ದನ್ನು ಎರೆಯಕೂಡದು. ನೀರು ಶುದ್ಧಿಮಾಡುವ ಯಂತ್ರಗಳಿಂದ ಹೊರಬೀಳುವ ನೀರಿನಲ್ಲಿ ಲವಣಗಳು ಹೆಚ್ಚಾಗಿರುತ್ತವೆ. ಅದು ನೆಲ ಸಾರಿಸುವುದಕ್ಕೆ ಒಳ್ಳೆಯದು. ಪ್ರತಿದಿನವೂ ಒಂದೇ ಕುಂಡಕ್ಕೆ ಅದನ್ನೇ ಹಾಕುತ್ತ ಬಂದರೆ ಎಲೆಯ ಅಂಚು ಸುಟ್ಟಂತೆ ಕಂದುಬಣ್ಣಕ್ಕೆ ತಿರುಗುವುದನ್ನು ಕಾಣಬಹುದು. ಅಕ್ಕಿ ತೊಳೆದ ಕಲಗಚ್ಚಿನಷ್ಟು ನಿರಪಾಯವಾದ ನೀರು ಬೇರೊಂದಿಲ್ಲ. ಆದರೆ ಅದನ್ನು ಆ ದಿನವೇ ಎರೆದುಬಿಡಬೇಕು. ಇಟ್ಟರೆ ಹುಳಿತು ನಾರುವುದು.

ಬಸವನಗುಡಿಯಿಂದ ಹೊರಟವರಿಗೆ ಗಾಂಧಿಬಜಾರಿನ ಹೂವಿನ ಸಾಲು ಕೂಗಳತೆಯಲ್ಲಿಯೇ ಸಿಕ್ಕುತ್ತದೆ. ಬೇಸಗೆಯಲ್ಲಿ ಅಲ್ಲಿ ಮಲ್ಲಿಗೆಯದೇ ರಾಜ್ಯ. ಒದ್ದೆಯ ಬಟ್ಟೆ ಹೊದಿಸಿದ ಬುಟ್ಟಿಗಳಲ್ಲಿ ದುಂಡುಮಲ್ಲಿಗೆಯ ಮೊಗ್ಗು ರಾಶಿರಾಶಿಯಾಗಿ ಕುಳಿತಿರುತ್ತದೆ. ಮೊಳ ಹಾಕಿಸಿಕೊಳ್ಳುತ್ತಿದ್ದ ಗೃಹಿಣಿಯೊಬ್ಬರು ಹೂವಾಡಗಿತ್ತಿಯನ್ನು, “ಏನಮ್ಮ, ಇಂಥಾ ಉರಿಬಿಸಿಲಿನಲ್ಲಿ ಮೊಗ್ಗು ಇಷ್ಟು ದುಂಡಗಾಗಿದೆಯಲ್ಲ! ನಮ್ಮ ಮನೆ ಬಳ್ಳಿಗೆ ಬರೀ ಎಲೆ ನೋಡು” ಎಂದು ಕೇಳಿದರು. ಆಕೆ ಕಟ್ಟುವ ಕೈಯನ್ನು ನಿಲ್ಲಿಸದೆಯೇ, “ಮಲ್ಗೆಗೆ ಬಿಸ್ಲೇ ತೌರ್ಮನೆ ಕಣಮ್ಮ. ನೆತ್ತಿ ಕಾಯ್ತಿರ್ಬೇಕು, ಬುಡ ತಣ್ಣಗಿರ್ಬೇಕು. ನೀವು ನೆರಳಲ್ಲಿ ಮಡಗಿದೀರೇನೊ” ಎಂದಳು. ತೋಟಗಾರಿಕೆಯ ಪುಸ್ತಕದಲ್ಲಿ ಎರಡು ಪುಟದಲ್ಲಿ ಹೇಳುವುದನ್ನು ಆಕೆ ಎರಡು ಮಾತಿನಲ್ಲಿ ಹೇಳಿದಳು.

ನೆತ್ತಿ ಕಾಯಬೇಕು, ಬುಡ ತಣ್ಣಗಿರಬೇಕು. ಮಲ್ಲಿಗೆಯ ವಿಷಯದಲ್ಲಿ ಇದು ಅಕ್ಷರಶಃ ನಿಜ. ದುಂಡುಮಲ್ಲಿಗೆಯು ಮಾರ್ಚಿಯಿಂದ ಜೂನಿನವರೆಗೆ ಹೆಚ್ಚಾಗಿ ಹೂಬಿಡುವ ಗಿಡ. ಇದಕ್ಕೆ ಸಿದ್ಧತೆಯನ್ನು ಚಳಿಗಾಲದಲ್ಲಿಯೇ ಮಾಡಬೇಕು. ನವೆಂಬರು ಡಿಸೆಂಬರುಗಳಲ್ಲಿ ನೀರನ್ನು ಕಡಮೆಮಾಡಿ, ಬಲಿತ ಕೊಂಬೆಗಳನ್ನು ಕತ್ತರಿಸಿ, ಉಳಿದ ಎಲೆಗಳನ್ನು ಉದುರಿಸಿ, ಬುಡಕ್ಕೆ ಕೊಟ್ಟಿಗೆಗೊಬ್ಬರ ಕೊಟ್ಟರೆ ಹೊಸ ಚಿಗುರು ಬರುತ್ತದೆ. ಮೊಗ್ಗು ಹುಟ್ಟುವುದು ಆ ಹೊಸ ಚಿಗುರಿನ ತುದಿಯಲ್ಲಿಯೇ. ಕತ್ತರಿಸಲು ಮರುಕಪಟ್ಟು ಬಿಟ್ಟ ಬಳ್ಳಿ ಮಾಡಿನ ತನಕ ಹಬ್ಬೀತು, ಆದರೆ ಹೂವು ನಾಲ್ಕೇ. ಬೇಸಗೆಯಲ್ಲಿ ಮಾಡಬೇಕಾದ ಕೆಲಸ ಸ್ವಲ್ಪವೇ. ಹೂವು ಬಿಟ್ಟು ಮುಗಿದ ತುದಿಗಳನ್ನು ಚಿವುಟುವುದು, ಬಿಸಿಲಿಗೆ ದಿನಕ್ಕೆ ಐದಾರು ಗಂಟೆ ಒಡ್ಡುವುದು, ಬುಡವನ್ನು ಮುಚ್ಚಿಡುವುದು. ಮೊಗ್ಗನ್ನು ಬೆಳಗಿನ ಹೊತ್ತು, ಬಿಸಿಲೇರುವ ಮುನ್ನ ಬಿಡಿಸಿ ಒದ್ದೆಬಟ್ಟೆಯಲ್ಲಿಟ್ಟರೆ ಸಂಜೆಯ ದೀಪದ ವೇಳೆಗೆ ಅದು ತಾನಾಗಿ ಅರಳುವುದು.

ಬುಡವನ್ನು ಮುಚ್ಚುವುದೆಂದರೇನೆಂಬುದನ್ನು ಕಾಣಬೇಕಾದರೆ ಗಾಂಧಿಬಜಾರಿಗೆ ಸಮೀಪದಲ್ಲಿಯೇ ಇರುವ ಲಾಲ್‌ಬಾಗನ್ನು ಹೊಗಬೇಕು. ೧೭೬೦ರಲ್ಲಿ ಹೈದರಾಲಿಯು ಆರಂಭಿಸಿದ ಈ ತೋಟವು ಇಂದು ೨೪೦ ಎಕರೆಗಳಷ್ಟು ವಿಸ್ತಾರವಾಗಿದೆ. ಹೆಚ್ಚಿನ ಜನರು ಗಾಜಿನ ಮನೆಯನ್ನು ನೋಡಿ ಹಿಂದಿರುಗುತ್ತಾರೆ. ಬೇಸಗೆಯಲ್ಲಿ ಬಂದವರು ಅದನ್ನು ಬಿಟ್ಟು ದೊಡ್ಡ ಮರಗಳ ಕೆಳಗೆ ಹೋಗಿ ನಿಲ್ಲಬೇಕು. ಗುಡ್ಡದ ಬರಿಯ ಬಂಡೆಯ ಮೇಲೆ ಮಧ್ಯಾಹ್ನ ಅಂಗಾಲಿಡಲಾಗುವುದಿಲ್ಲ. ಅಲ್ಲಿಂದ ಕೆಲವು ಮಾರು ದೂರದ ಮರದಡಿಯಲ್ಲಿ ತರಗೆಲೆಯನ್ನು ಸರಿಸಿ ಮಣ್ಣನ್ನು ಮುಟ್ಟಿದರೆ ತಣ್ಣಗಿರುತ್ತದೆ. ಬಿಸಿಲು ಎರಡಕ್ಕೂ ಒಂದೇ. ನೆರಳು ಮತ್ತು ಹೊದಿಕೆಯಿಂದ ಇಷ್ಟು ಅಂತರವುಂಟಾಗಿದೆ. ಮರವು ಉದುರಿಸಿದ ಎಲೆಯೇ ಮರದ ಬೇರಿಗೆ ಕಂಬಳಿ. ನಾವಾದರೋ ಮನೆಯಂಗಳದಲ್ಲಿ ಬಿದ್ದ ಎಲೆಯನ್ನೆಲ್ಲ ಗುಡಿಸಿ, ಚೀಲಕ್ಕೆ ತುಂಬಿ, ಕಸದ ಗಾಡಿಗೆ ಕೊಟ್ಟು, ಬೋಳುಮಣ್ಣಿಗೆ ಎರಡು ಹೊತ್ತು ನೀರು ಸುರಿಯುತ್ತೇವೆ.

೧೯೦೮ರಿಂದ ೧೯೩೨ರವರೆಗೆ ಈ ತೋಟದ ಮೇಲ್ವಿಚಾರಣೆ ವಹಿಸಿದ್ದ ಜರ್ಮನ್ ದೇಶದ ಕ್ರುಂಬಿಗಲ್ ಅವರು ನಗರದ ಬೀದಿಗಳಿಗೆ ಮರಗಳನ್ನು ಆರಿಸುವಾಗ, ಒಂದು ಜಾತಿ ಹೂಬಿಟ್ಟು ಮುಗಿಯುವ ವೇಳೆಗೆ ಮತ್ತೊಂದು ಅರಳುವಂತೆ ಏರ್ಪಡಿಸಿದರೆಂಬುದು ಪ್ರಸಿದ್ಧವಾಗಿದೆ. ಬೇಸಗೆ ಮೊದಲಾಗುವಾಗ ನೀಲಿಯ ಜಕರಂಡ, ಅದರ ಬೆನ್ನಿಗೆ ಹೊಂಗೆಯ ಎಳೆಹಸುರು, ಮೇ ತಿಂಗಳಲ್ಲಿ ಕೆಂಡದಂತಹ ಗುಲ್‌ಮೊಹರು. ಈ ಬಲಿತ ಮರಗಳಿಗೆ ಯಾರೂ ಕೊಡದಲ್ಲಿ ನೀರು ಹೊರುವುದಿಲ್ಲ. ಕಾಲಕ್ಕೆ ತಕ್ಕ ಗಿಡವನ್ನು ಆರಿಸಿದರೆ ಅರ್ಧ ಆರೈಕೆಯಾದಂತೆಯೇ.

ಹೊದಿಕೆಯ ಈ ಪಾಠವು ಕುಂಡದ ಗಿಡಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಏಕೆಂದರೆ ನೆಲದ ಗಿಡವು ಬೇರನ್ನು ಆಳಕ್ಕೆ ಇಳಿಸಿ ತಂಪನ್ನು ಹುಡುಕಿಕೊಳ್ಳಬಹುದು, ಕುಂಡದ್ದಕ್ಕೆ ಆ ಸ್ವಾತಂತ್ರ್ಯವಿಲ್ಲ. ಕುಂಡದ ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಒಣ ಎಲೆಯನ್ನೋ ತೆಂಗಿನ ನಾರನ್ನೋ ಹಾಸಬೇಕು; ಕಾಂಡಕ್ಕೆ ಮಾತ್ರ ತಾಗದಂತೆ ಸ್ವಲ್ಪ ಎಡೆಬಿಡಬೇಕು. ಮಣ್ಣಿನ ಕುಂಡವು ತನ್ನ ಗೋಡೆಯಿಂದ ನೀರನ್ನು ಆರಿಸುತ್ತದೆ. ಹೂಜಿಯಂತೆ ಒಳಗನ್ನು ತಂಪಾಗಿಡುತ್ತದೆ, ಆದರೆ ಬೇಗ ಒಣಗುತ್ತದೆ. ಕರಿಯ ಪ್ಲಾಸ್ಟಿಕ್ ಚೀಲವು ನೀರನ್ನು ಹಿಡಿಯುತ್ತದೆ, ಆದರೆ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ಚಿಕ್ಕ ಕುಂಡವನ್ನು ದೊಡ್ಡ ಕುಂಡದೊಳಗಿಟ್ಟು ನಡುವಿನ ಎಡೆಯಲ್ಲಿ ಮರಳು ತುಂಬಿ ಆ ಮರಳನ್ನು ತೇವವಾಗಿಟ್ಟರೆ ಎರಡು ದೋಷಗಳೂ ಪರಿಹಾರವಾಗುತ್ತವೆ. ತಾರಸಿಯ ಮೇಲಿನ ಕುಂಡಗಳನ್ನು ಕಾದ ಗಾರೆಯ ಮೇಲೆ ನೇರವಾಗಿ ಇಡದೆ ಇಟ್ಟಿಗೆಯ ಮೇಲೆ ಏರಿಸಿಡಬೇಕು. ದೂರದೂರವಿಟ್ಟ ಕುಂಡಗಳನ್ನು ಒಟ್ಟಿಗೆ ಸೇರಿಸಿ, ದೊಡ್ಡ ಗಿಡಗಳು ಪಡುವಣ ದಿಕ್ಕಿಗೂ ಕಿರಿಯವು ಅವುಗಳ ಮರೆಗೂ ಬರುವಂತೆ ಜೋಡಿಸಿದರೆ ಒಂದರ ನೆರಳು ಇನ್ನೊಂದಕ್ಕಾಗುತ್ತದೆ. ದೊಡ್ಡ ಸಂಸಾರದಲ್ಲಿ ಮಕ್ಕಳು ಬೆಳೆಯುವುದೂ ಹೀಗೆಯೇ ಅಲ್ಲವೆ?

ನೀರೆರೆಯುವ ಹೊತ್ತು ಸೂರ್ಯೋದಯದ ಮುಂಚೆ. ಆಗ ಎರೆದ ನೀರು ಬೇರಿಗೆ ಇಳಿಯುವುದಕ್ಕೆ ಅವಕಾಶವಿರುತ್ತದೆ. ನಡುಹಗಲಲ್ಲಿ ಎರೆದುದರಲ್ಲಿ ಒಂದು ಪಾಲು ಗಾಳಿಗೇ ಹೋಗುತ್ತದೆ. ಪ್ರತಿದಿನ ಮೇಲೆ ಮೇಲೆ ಚಿಮುಕಿಸುವುದಕ್ಕಿಂತ, ಬೆರಳನ್ನು ಒಂದು ಅಂಗುಲ ಮಣ್ಣಿನೊಳಗೆ ಇಳಿಸಿ ನೋಡಿ, ಒಣಗಿದ್ದರೆ ತಳದ ತೂತಿನಿಂದ ಹನಿ ಕಾಣುವವರೆಗೆ ನಿಧಾನವಾಗಿ ಎರೆಯುವುದು ಮೇಲು. ಚಿಮುಕಿಸಿದ ನೀರಿಗೆ ಬೇರು ಮೇಲಕ್ಕೆ ಬರುತ್ತದೆ, ಬಿಸಿಲಿಗೆ ಸಿಕ್ಕಿ ಸಾಯುತ್ತದೆ. ಮಧ್ಯಾಹ್ನ ದಾಸವಾಳದ ಎಲೆ ಬಾಡಿದೆಯೆಂದು ಗಾಬರಿಗೊಂಡು ಚೆಂಬು ಹಿಡಿದು ಓಡಬೇಕಾಗಿಲ್ಲ. ಬೇರು ಏರಿಸುವುದಕ್ಕಿಂತ ಬೇಗ ಎಲೆಯಿಂದ ನೀರು ಆರುವಾಗ, ಮಣ್ಣಿನಲ್ಲಿ ತೇವವಿದ್ದರೂ ಎಲೆ ಜೋಲುವುದುಂಟು. ಸಂಜೆಗೆ ತಾನೇ ನೆಟ್ಟಗಾದರೆ ಚಿಂತೆಯಿಲ್ಲ. ಮರುದಿನ ಬೆಳಗ್ಗೆಯೂ ಜೋತಿದ್ದರೆ ಆಗ ಬಾಯಾರಿದೆಯೆಂದು ತಿಳಿಯಬೇಕು. ಮಣ್ಣು ಪೂರ್ತಿ ಒಣಗಿ ಕುಂಡದ ಅಂಚಿನಿಂದ ಬಿಟ್ಟುಕೊಂಡಿದ್ದರೆ ಮೇಲಿಂದ ಎರೆದ ನೀರು ಅಂಚಿನಲ್ಲಿಯೇ ಹರಿದು ಹೊರಗೆ ಹೋಗುತ್ತದೆ. ಅಂತಹ ಕುಂಡವನ್ನು ನೀರಿರುವ ಬೋಗುಣಿಯಲ್ಲಿ ಅರ್ಧ ಗಂಟೆ ಇಟ್ಟರೆ ಅದು ಕೆಳಗಿನಿಂದ ಹೀರಿಕೊಳ್ಳುತ್ತದೆ. ಉಳಿದ ನೀರು ಮುಂದಿನ ಕುಂಡಕ್ಕಾಗುತ್ತದೆ. ಬಿರುಬೇಸಗೆಯಲ್ಲಿ ಕುಂಡ ಬದಲಿಸುವುದು, ಬೇರು ಕತ್ತರಿಸುವುದು, ಅಂಗಡಿಯ ಗೊಬ್ಬರ ಸುರಿಯುವುದು ಇವನ್ನು ಮಾಡಕೂಡದು. ದಣಿದು ಮಲಗಿದವನಿಗೆ ಔತಣ ಬಡಿಸಿದಂತಾಗುತ್ತದೆ.

ಲಾಲ್‌ಬಾಗಿನಿಂದ ಉತ್ತರಕ್ಕೆ ಹೊರಟು ಹಳೆಯ ಪೇಟೆಯನ್ನು ಹೊಕ್ಕರೆ ತಿಗಳರ ಪೇಟೆ ಸಿಕ್ಕುತ್ತದೆ. ಹೂವನ್ನೂ ತರಕಾರಿಯನ್ನೂ ಬೆಳೆದು ಈ ನಗರವನ್ನು ಸಾಕಿದ ವಹ್ನಿಕುಲದ ತಿಗಳ ಜನರ ಧರ್ಮರಾಯಸ್ವಾಮಿಯ ಗುಡಿ ಇಲ್ಲಿಯೇ ಇದೆ. ಚೈತ್ರ ಶುದ್ಧ ಪೌರ್ಣಮಿಯ ರಾತ್ರಿ ಇಲ್ಲಿಂದ ಕರಗವು ಹೊರಡುತ್ತದೆ. ಮಲ್ಲಿಗೆಯಿಂದ ಮುಚ್ಚಿದ ಆ ಕರಗವು ಜನಸಮುದ್ರದ ನಡುವೆ ಸಾಗುವಾಗ ನೋಡುವವರೂ ಮಲ್ಲಿಗೆಯ ಮಳೆ ಕರೆಯುತ್ತಾರೆ. ವರ್ಷದ ಬಿಸಿಲು ಏರಿ ನಿಂತ ತಿಂಗಳಲ್ಲಿ ಊರಿನ ದೊಡ್ಡ ಹಬ್ಬ, ಆ ತಿಂಗಳಲ್ಲಿ ತಾನಾಗಿ ಅರಳುವ ಹೂವಿನಿಂದಲೇ ನಡೆಯುತ್ತದೆ. ತೋಟಗಾರರ ಹಬ್ಬವೆಂದರೆ ಹೀಗಿರಬೇಕು!

ಆದರೆ ಈ ಹಬ್ಬದಲ್ಲಿಯೇ ಒಂದು ವ್ಯಸನದ ಮಾತೂ ಅಡಗಿದೆ. ಕರಗದ ವಿಧಿಗಳಿಗೂ ಸಂಪಂಗಿ ಕೆರೆಗೂ ಹಳೆಯ ಸಂಬಂಧ. ಆ ಕೆರೆಯ ಸುತ್ತ ಹಿಂದೆ ತಿಗಳರ ತೋಟಗಳಿದ್ದುವು. ಇಂದು ಆ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ವಿಧಿಗಳಿಗಾಗಿ ಒಂದು ಸಣ್ಣ ಕೊಳವು ಮಾತ್ರ ಉಳಿದಿದೆ. ಧರ್ಮಾಂಬುಧಿ ಕೆರೆಯಿದ್ದ ಸ್ಥಳದಲ್ಲಿ ಕೆಂಪೇಗೌಡ ಬಸ್ಸು ನಿಲ್ದಾಣವಿದೆ. ಕೆರೆಯು ಹೋದಾಗ ತೋಟವೂ ಹೋಯಿತು, ಸುತ್ತಣ ಬಾವಿಗಳ ಒರತೆಯೂ ತಗ್ಗಿತು. ಹೂವಿನ ಊರೆಂಬ ಹೆಸರು ನೀರಿನ ಆಸರೆಯಿಂದ ಬಂದದ್ದು. ಆ ಆಸರೆಯನ್ನು ಕಳೆದುಕೊಂಡು ಹೆಸರನ್ನು ಮಾತ್ರ ಉಳಿಸಿಕೊಳ್ಳುತ್ತೇವೆಂಬುದು ಆಗದ ಮಾತು.

ಪೇಟೆಯನ್ನು ದಾಟಿ ಮಲ್ಲೇಶ್ವರಕ್ಕೆ ಬಂದರೆ ಬೀದಿಗಳಿಗೇ ಸಂಪಿಗೆಯ ಹೆಸರು, ಬೇವಿನ ಹೆಸರು. ಇಲ್ಲಿನ ಹಳೆಯ ಅಂಗಳಗಳಲ್ಲಿ ಬೇಸಗೆಯನ್ನು ತಾಳಿಕೊಂಡಿರುವ ಗಿಡಗಳು ಯಾವುವೆಂದು ನೋಡುತ್ತ ಹೋದರೆ ಒಂದು ಒಳ್ಳೆಯ ಪಟ್ಟಿಯೇ ಸಿದ್ಧವಾಗುತ್ತದೆ. ಸಂಪಿಗೆ, ನಂದಿಬಟ್ಟಲು, ದಾಸವಾಳ, ಕಣಗಿಲೆ, ನಿತ್ಯಪುಷ್ಪ, ಕಾಗದದ ಹೂ ಇವೆಲ್ಲ ಬೇರೂರಿದ ಮೇಲೆ ಅಲ್ಪ ನೀರಿನಲ್ಲಿ ಬದುಕುವಂತಹವು. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷವಾದ್ದರಿಂದ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದು ಬೇಡ. ಕನಕಾಂಬರವು ಮರದ ತೆಳುನೆರಳಿನಲ್ಲಿ ಸುಖವಾಗಿರುತ್ತದೆ. ಗುಲಾಬಿಯನ್ನು ಬೇಸಗೆಯಲ್ಲಿ ಕತ್ತರಿಸದೆ, ಮಧ್ಯಾಹ್ನದ ಬಿಸಿಲಿನ ಮರೆಮಾಡಿ, ಹೂವು ಚಿಕ್ಕದಾದರೂ ಸೈರಿಸಿಕೊಳ್ಳಬೇಕು. ಇನ್ನು ಹುಲ್ಲುಹಾಸು, ಚಳಿಗಾಲದ ಬಣ್ಣದ ಹೂಗಳು, ತೇವದ ನಾಡಿನಿಂದ ಬಂದ ನಾಜೂಕಿನ ಗಿಡಗಳು ಇವುಗಳಲ್ಲಿ ಯಾವುದನ್ನು ಬಿಡಬೇಕೆಂಬುದನ್ನು ಮಾರ್ಚಿಯಲ್ಲಿಯೇ ನಿರ್ಧರಿಸುವುದು ಒಳ್ಳೆಯದು. ಎಲ್ಲವನ್ನೂ ಉಳಿಸಹೊರಟು ಎಲ್ಲಕ್ಕೂ ಅರೆಹೊಟ್ಟೆ ಹಾಕುವುದಕ್ಕಿಂತ ಹತ್ತನ್ನು ಬಿಟ್ಟು ಇಪ್ಪತ್ತನ್ನು ಚೆನ್ನಾಗಿ ಸಾಕುವುದು ಲೇಸು.

ಅಂಗಳವಿಲ್ಲದೆ ಬಹುಮಹಡಿಯ ಕಟ್ಟಡಗಳಲ್ಲಿ ವಾಸಿಸುವವರು ಇಂದು ನಗರದಲ್ಲಿ ಬಹಳ ಮಂದಿ. ಅವರ ತೋಟ ಬಾಲ್ಕನಿಯಲ್ಲಿ, ಇಲ್ಲವೆ ಹಜಾರದ ಕಿಟಕಿಯ ಬಳಿ. ಪಡುವಣ ಬಾಲ್ಕನಿಯ ಗೋಡೆಯು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಉಗುಳುತ್ತದೆ; ಅಲ್ಲಿ ಮಲ್ಲಿಗೆ, ಕಾಗದದ ಹೂ, ಲೋಳೆಸರಗಳನ್ನು ಇಟ್ಟು, ಮನಿಪ್ಲಾಂಟು, ಜರೀಗಿಡ ಮೊದಲಾದವನ್ನು ಒಳಕ್ಕೆ ತರಬೇಕು. ಒಳಗಿನ ಗಿಡಗಳಿಗೂ ಬೆಳಕು ಬೇಕು, ಬಿಸಿಲಲ್ಲ. ಕಿಟಕಿಯಿಂದ ಎರಡು ಮೂರು ಅಡಿ ಈಚೆಗಿಟ್ಟರೆ, ಇಲ್ಲವೆ ತೆಳುವಾದ ಪರದೆ ಎಳೆದರೆ ಸಾಕು. ಬೀದಿಯ ಧೂಳು ಎಲೆಯ ಮೇಲೆ ಕುಳಿತು ಬೆಳಕನ್ನು ತಡೆಯುವುದರಿಂದ ವಾರಕ್ಕೊಮ್ಮೆ ಒದ್ದೆಬಟ್ಟೆಯಿಂದ ಒರಸಬೇಕು. ಬೀಸಣಿಗೆ ಯಂತ್ರದ ನೇರ ಗಾಳಿಗೆ ಗಿಡವನ್ನಿಟ್ಟರೆ ಎಲೆಯ ತುದಿ ಒಣಗುವುದು.

ಬೇಸಗೆಯ ಒಣಹವೆಯಲ್ಲಿ ಕೆಂಪು ನುಸಿಯ ಕಾಟ ಹೆಚ್ಚು. ಗುಲಾಬಿ, ದಾಸವಾಳಗಳ ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿಚುಕ್ಕೆಗಳು ಕಂಡು, ಅಡಿಯಲ್ಲಿ ಜೇಡನ ಬಲೆಯಂತಹ ಎಳೆಗಳಿದ್ದರೆ ಅದೇ ಗುರುತು. ಎಲೆಯ ಅಡಿಗೆ ನೀರನ್ನು ರಭಸವಾಗಿ ಎರಚಿ ತೊಳೆಯುವುದು ಮೊದಲ ಚಿಕಿತ್ಸೆ. ಬಿಳಿಯ ಹಿಟ್ಟಿನಂತೆ ಅಂಟಿಕೊಳ್ಳುವ ತಿಗಣೆಗಳಿಗೆ ಒಂದು ಲೀಟರು ನೀರಿನಲ್ಲಿ ಒಂದು ಚಮಚ ಬೇವಿನೆಣ್ಣೆಯನ್ನೂ ನಾಲ್ಕು ಹನಿ ಸಾಬೂನಿನ ನೀರನ್ನೂ ಕದಡಿ ಸಂಜೆಯ ವೇಳೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುವುದು. ಕುಂಡದಡಿಯ ತಟ್ಟೆಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು ಗಿಡಕ್ಕಿಂತ ಮನೆಯವರಿಗೆ ಮುಖ್ಯ. ಡೆಂಗೂ ಜ್ವರವನ್ನು ಹರಡುವ ಸೊಳ್ಳೆಯು ಇಂತಹ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ೨೦೨೪ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಈ ಜ್ವರವನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಯಿತೆಂಬುದನ್ನು ನೆನೆದರೆ ತಟ್ಟೆಯನ್ನು ವಾರಕ್ಕೆರಡು ಸಲ ಬರಿದುಮಾಡುವ ಶ್ರಮ ಹೆಚ್ಚೆನಿಸದು. ಗುಬ್ಬಿ, ಪಿಕಳಾರಗಳಿಗೆಂದು ಇಟ್ಟ ನೀರನ್ನೂ ದಿನಕ್ಕೊಮ್ಮೆ ಬದಲಿಸಬೇಕು. ಹಳೆಯದನ್ನು ಕುಂಡಕ್ಕೆ ಸುರಿದರೆ ಒಂದು ಹನಿಯೂ ದಂಡವಾಗದು.

ಬೆಂಗಳೂರಿನ ಬೇಸಗೆಗೆ ಒಂದು ಭಾಗ್ಯವುಂಟು. ಅಶ್ವಿನಿ, ಭರಣಿಗಳ ವೇಳೆಗೆ, ಎಂದರೆ ಏಪ್ರಿಲಿನ ಮಧ್ಯದಿಂದ, ಬಹಳಷ್ಟು ವರ್ಷಗಳಲ್ಲಿ ಸಂಜೆಯ ಗುಡುಗುಮಳೆ ಬರುತ್ತದೆ. ಅದು ಹೇಳಿದಂತೆ ಬರುವ ನೆಂಟನಲ್ಲ. ಆದರೆ ಬಂದಾಗ ಬರಿಗೈಯಲ್ಲಿ ಬರುವುದಿಲ್ಲ. ೧,೦೦೦ ಚದರ ಅಡಿಯ ತಾರಸಿಯ ಮೇಲೆ ೨೫ ಮಿಲಿಮೀಟರು ಮಳೆ ಬಿದ್ದರೆ ಸುಮಾರು ೨,೩೦೦ ಲೀಟರು ನೀರಾಗುತ್ತದೆ. ದಿನಕ್ಕೆ ೨೦ ಲೀಟರು ಬೇಡುವ ಚಿಕ್ಕ ತೋಟಕ್ಕೆ ಅದು ಮೂರು ತಿಂಗಳಿಗೂ ಮಿಕ್ಕ ಆಹಾರ. ೨,೪೦೦ ಚದರ ಅಡಿಯ ನಿವೇಶನದ ಮನೆಗಳಿಗೆ ಮಳೆನೀರು ಹಿಡಿಯುವುದನ್ನು ನಗರದಲ್ಲಿ ೨೦೦೯ರಲ್ಲಿಯೇ ಕಡ್ಡಾಯಮಾಡಿದರು. ಅಷ್ಟು ದೊಡ್ಡ ಮನೆಯಿಲ್ಲದವರೂ ತಾರಸಿಯ ಕೊಳವೆಯ ಬಾಯಿಗೆ ಒಂದು ಡ್ರಮ್ಮನ್ನಿಟ್ಟು ಮೇಲೆ ಬಟ್ಟೆ ಕಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು ಅನಂತರದ್ದನ್ನು ಹಿಡಿಯಬೇಕು.

ಹಸುರೆಲೆಗಳ ಸಂಖ್ಯೆಯಿಂದ ಬೇಸಗೆಯ ತೋಟವನ್ನು ಅಳೆಯುವುದು ಸರಿಯಲ್ಲ. ಆ ಮನೆಯವರು ನೀರನ್ನು ಎಷ್ಟು ಸಲ ದುಡಿಸಿಕೊಂಡರು, ನೆರೆಯವರ ಬಿಂದಿಗೆಗೆ ಎಷ್ಟನ್ನು ಬಿಟ್ಟುಕೊಟ್ಟರು ಎಂಬುದೇ ಅದರ ಅಳತೆ. ವಾಚಕರು ಈ ವರ್ಷ ಮಾರ್ಚಿ ತಿಂಗಳು ಬರುವ ಮುನ್ನ ಅಡಿಗೆಮನೆಯ ಮೂಲೆಯಲ್ಲಿ ಕಲಗಚ್ಚಿಗೊಂದು ಬಕೆಟ್ಟನ್ನು ಇಡಲಿ. ಹುಲ್ಲುಹಾಸಿನ ಒಂದು ಮೂಲೆಯನ್ನು ಅಗೆದು ಅಲ್ಲೊಂದು ದುಂಡುಮಲ್ಲಿಗೆಯನ್ನು ನೆಡಲಿ. ಬುಡಕ್ಕೆ ತರಗೆಲೆಯ ಹೊದಿಕೆ ಹಾಕಲಿ. ಚೈತ್ರದ ಹುಣ್ಣಿಮೆಯ ವೇಳೆಗೆ ಅಲ್ಲಿ ಹತ್ತು ಮೊಗ್ಗು ಕಂಡರೂ ಸಾಕು. ನಲ್ಲಿಯ ಹೊಸ ನೀರನ್ನು ಒಂದು ಹನಿಯೂ ಬೇಡದೆ ಬಂದ ಆ ಹತ್ತು ಮೊಗ್ಗನ್ನು ದೇವರ ಮುಂದಿಡಬಹುದು, ಮಗಳ ಜಡೆಗೆ ಮುಡಿಸಬಹುದು, ನೆರೆಮನೆಗೂ ಎರಡು ಕೊಡಬಹುದು.